ಪೊರೆ ತೆಗೆಸಿ ಸಂಜೆಗೇ ಊರಿಗೆ

ಮಂಡ್ಯ ಸೀಮೆಯ ಹಳೇ ತಲೆಮಾರಿಗೆ ಕಣ್ಣಿನ ಪೊರೆ ಆಪರೇಷನ್ ಎಂದರೆ ಮೈಸೂರಿನ ದೊಡ್ಡಾಸ್ಪತ್ರೆ, ಅಲ್ಲಿ ದಿನಗಟ್ಟಲೆ ವಾಸ. ಪೊರೆಯನ್ನು ಇಡಿಯಾಗಿ ತೆಗೆಯಲು ಕಣ್ಣನ್ನು ಅಗಲಕ್ಕೆ ಕೊಯ್ಯಬೇಕಿತ್ತು. ಗಾಯ ಕೂಡುವವರೆಗೆ ತಲೆ ಅಲುಗದಂತೆ ಅಕ್ಕಪಕ್ಕ ಮರಳಿನ ಚೀಲ ಇಡುವ ಪದ್ಧತಿಯೂ ಒಂದು ಕಾಲಕ್ಕೆ ಇತ್ತು. ಮನೆಗೆ ಬಂದಮೇಲೆ ಸೋಡಾಬುಡ್ಡಿ ಕನ್ನಡಕ.

ಗಾಯ ಕಿರಿದಾಗುತ್ತ ಬಂದಂತೆ ಹಾಸಿಗೆಯೂ ಖಾಲಿಯಾಯಿತು. ಅಂದೇ ಮನೆಗೆ ಕಳಿಸಿದರೆ ಪರಿಸರಕ್ಕೂ ಒಳ್ಳೆಯದು ಎಂಬ ಮಾತು ಈಗಿನದು, ಆಗ ಅದು ಯಾರ ತಲೆಯಲ್ಲೂ ಇರಲಿಲ್ಲ. 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಕಣ್ಣೊಳಗೇ ಕೃತಕ ಮಸೂರ ಕೂರಿಸಿದರು. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ ಪೊರೆಯನ್ನು ಶ್ರವಣಾತೀತ ಕಂಪನದಿಂದ ಒಡೆದು ಹೀರಿ ತೆಗೆದರು. ಮುಂದೆ ಗಾಯ ಮೂರು ಮಿಲಿಮೀಟರ್ ಆಸುಪಾಸಿಗೆ ಇಳಿಯಿತು, ಹೊಲಿಗೆ ಬೇಡವಾಯಿತು. ಆದರೂ ವಿಮೆಯವರು 24 ಗಂಟೆ ಅಡ್ಮಿಟ್ ಆಗಿರಬೇಕು ಎನ್ನುತ್ತಿದ್ದರಲ್ಲ! ಪೊರೆಯಂಥ ಚಿಕಿತ್ಸೆಗಳನ್ನು ‘ಡೇ ಕೇರ್’, ಅಂದರೆ ಅಂದೇ ಮನೆಗೆ ಕಳಿಸುವ ಚಿಕಿತ್ಸೆಗಳ ಪಟ್ಟಿಗೆ ಸೇರಿಸಿ ವಿನಾಯಿತಿ ಕೊಡಬೇಕಾಯಿತು.

ಹಾಗಾದರೆ ಅಂದೇ ಮನೆಗೆ ಕಳಿಸಿದರೆ ಭೂಮಿಗೂ ಹಗುರವೇ? ಅಷ್ಟು ಸಲೀಸಲ್ಲ. ಬ್ರಿಟನ್ನಿನಲ್ಲಿ ಪೊರೆ ತೆಗೆಸಿಕೊಂಡವರಲ್ಲಿ ಬಹುಪಾಲು ಜನ ಅಂದೇ ಮನೆ ಸೇರುತ್ತಾರೆ. ಆದರೂ ಕಾರ್ಡಿಫ್‌ನಲ್ಲಿ ಲೆಕ್ಕ ಹಾಕಿದಾಗ ಒಂದು ಕಣ್ಣಿಗೆ ಸುಮಾರು 180 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಹೊರೆ ಕಂಡಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕೊಂಡು ತಂದ ಸಾಮಗ್ರಿಯದು. ಮಧುರೈ ಮೂಲದ ಅರವಿಂದ್ ಕಣ್ಣಾಸ್ಪತ್ರೆ ಬಳಗದಲ್ಲಿ ನಡೆದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅಲ್ಲಿ ಅದೇ ಶಸ್ತ್ರಚಿಕಿತ್ಸೆಗೆ ಸುಮಾರು 6 ಕಿಲೋ! ಉಪಕರಣಗಳನ್ನು ಉಗಿಯಲ್ಲಿ ಬೇಗ ಶುದ್ಧಿಮಾಡಿ ಮತ್ತೆ ಬಳಸುತ್ತಾರೆ, ಒಂದು ಬಾಟಲಿಯ ಹನಿಯನ್ನು ಹಲವರಿಗೆ ಹಾಕುತ್ತಾರೆ. ಹಾಗೆಂದು ಸೋಂಕು ಹೆಚ್ಚಿಲ್ಲ. ಒಮ್ಮೆ ಬಳಸಿ ಬಿಸಾಡುವುದೇ ಶುದ್ಧಿ ಎಂಬ ನಂಬಿಕೆಯನ್ನು ನಮ್ಮ ಆಸ್ಪತ್ರೆಗಳು ಕಣ್ಣುಮುಚ್ಚಿ ಎರವಲು ತರಬೇಕಿಲ್ಲ.

ಆಪರೇಷನ್ ಥಿಯೇಟರನ್ನೇ ಬಿಟ್ಟು ಹೊರರೋಗಿ ವಿಭಾಗದ ಸಣ್ಣ ಕೋಣೆಗೆ ಬಂದರೆ ಇನ್ನಷ್ಟು ಉಳಿತಾಯವಾಗುವ ಚಿಕಿತ್ಸೆಗಳೂ ಇವೆ. ಮಣಿಕಟ್ಟಿನಲ್ಲಿ ನರ ಒತ್ತಿ ಬೆರಳು ಜೋಮು ಹಿಡಿಯುವವರಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಎಚ್ಚರದಲ್ಲೇ ಕೊಯ್ಯಬಹುದು. ಅರಿವಳಿಕೆ ಅನಿಲ ಬೇಕಿಲ್ಲ. ಅಂಥ ಅನಿಲಗಳಲ್ಲಿ ಡೆಸ್‌ಫ್ಲುರೇನ್ ಒಂದು ಕಿಲೋ ಸೋರಿದರೆ ಇಂಗಾಲದ ಡೈಆಕ್ಸೈಡ್ ಎರಡೂವರೆ ಟನ್ ಸೋರಿದಷ್ಟು ಶಾಖ ಹಿಡಿದಿಡುತ್ತದೆ.

ನಮ್ಮ ಕಡೆ ತೊಡಕಿರುವುದು ಓಡಾಟದಲ್ಲಿ. ಮಳವಳ್ಳಿ ಕಡೆಯ ಅಜ್ಜಿಯನ್ನು ಸಂಜೆ ಊರಿಗೆ ಕಳಿಸಿ, ಪಟ್ಟಿ ಬಿಚ್ಚಲು ಬೆಳಿಗ್ಗೆ ಮತ್ತೆ ಮೈಸೂರಿಗೆ ಬನ್ನಿ ಎಂದರೆ ಮಗ ಎರಡೂ ಸಲ ಬಾಡಿಗೆ ಕಾರು ಮಾಡುತ್ತಾನೆ. ಅದಕ್ಕಿಂತ ಒಂದು ರಾತ್ರಿ ವಾರ್ಡಿನಲ್ಲಿ ಮಲಗಿಸುವುದೇ ವಾಸಿ. ಮರುದಿನದ ತಪಾಸಣೆಯನ್ನು ತಾಲ್ಲೂಕು ಆಸ್ಪತ್ರೆಯ ನೇತ್ರಾಧಿಕಾರಿಗೆ ವಹಿಸಿ, ನೋವು ಅಥವಾ ಕೆಂಪು ಹೆಚ್ಚಾದರೆ, ದೃಷ್ಟಿ ಮಂಜಾದರೆ ಮಾತ್ರ ಅಂದೇ ಮೈಸೂರಿಗೆ ಕಳಿಸುವ ಏರ್ಪಾಡಾದರೆ ಲೆಕ್ಕ ಬದಲಾಗುತ್ತದೆ.