ಗಾಳಿ ಬೇಕಿರುವುದು ಟ್ಯಾಂಕಿಗಲ್ಲ, ಇಂಗುಗುಂಡಿಗೆ

ಮಳೆಗಾಲ ಜೋರಾದರೆ ಕರಾವಳಿಯ ಮನೆಗಳಿಂದ ನನಗೆ ಒಂದೇ ಬಗೆಯ ಫೋನು ಬರುತ್ತದೆ. ‘ಸೆಪ್ಟಿಕ್ ಟ್ಯಾಂಕ್ ತುಂಬಿದೆ ಸರ್, ಯಾವ ಬ್ಯಾಕ್ಟೀರಿಯಾ ಪೌಡರ್ ಹಾಕುವುದು?’ ನಾನು ಮೊದಲು ವಿಚಾರಿಸುವುದು ಇಂಗುಗುಂಡಿಯನ್ನು, ಅಂದರೆ ಟ್ಯಾಂಕಿನಿಂದ ಹೊರಬಂದ ನೀರು ಮಣ್ಣಿಗೆ ಇಂಗುವ ಗುಂಡಿಯನ್ನು.

ಟ್ಯಾಂಕ್ ಯಾವತ್ತೂ ತುಂಬಿಯೇ ಇರಬೇಕು. ಒಳಗೆ ಬಂದಷ್ಟು ನೀರು ಹೊರಗೆ ಹೋಗುತ್ತದೆ, ಅಷ್ಟೆ. ಒಂದೆರಡು ದಿನ ಕದಡದೆ ನಿಂತ ನೀರಿನಲ್ಲಿ ಭಾರದ್ದು ತಳ ಸೇರುತ್ತದೆ, ಜಿಡ್ಡು ಕೆನೆಯಂತೆ ಮೇಲೆ ಕಟ್ಟುತ್ತದೆ. ಅಲ್ಲಿ ಆಕ್ಸಿಜನ್ ಇಲ್ಲ. ಆಕ್ಸಿಜನ್ ಬೇಡದ ಬ್ಯಾಕ್ಟೀರಿಯಾಗಳೇ ಹೂಳನ್ನು ನಿಧಾನಕ್ಕೆ ಕರಗಿಸುತ್ತವೆ. ಮೀಥೇನ್, ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಗಾಳಿ ಪೈಪ್ ಇರುವುದು ಈ ಅನಿಲ ಹೊರಹೋಗಲೆಂದು. ಬೇಕಾದ ಬ್ಯಾಕ್ಟೀರಿಯಾ ಮಲದ ಜೊತೆಗೇ ಬರುತ್ತವೆ. ಪೌಡರ್, ಸೆಗಣಿ, ಬೆಲ್ಲ ಯಾವುದೂ ಬೇಡ. ಆಸಿಡ್, ಬ್ಲೀಚಿಂಗ್ ಪೌಡರ್ ಜಾಸ್ತಿ ಸುರಿಯದಿದ್ದರೆ ಸಾಕು.

ಆದರೆ ಟ್ಯಾಂಕಿನಿಂದ ಹೊರಬರುವ ನೀರು ಶುದ್ಧವಲ್ಲ. ನಾರುವ, ರೋಗಾಣು ತುಂಬಿದ ನೀರದು. ಅದನ್ನು ನಿಜವಾಗಿ ಸೋಸುವುದು ಇಂಗುಗುಂಡಿಯ ಸುತ್ತಲಿನ ಮಣ್ಣು. ಮಣ್ಣಿನ ಕಣಗಳ ನಡುವೆ ಗಾಳಿ ಇದ್ದರೆ, ಆಕ್ಸಿಜನ್ ಬಳಸುವ ಬ್ಯಾಕ್ಟೀರಿಯಾ ಅಲ್ಲಿ ಬೆಳೆದು ಉಳಿದ ಕೊಳೆಯನ್ನು ಬೇಗ ತಿಂದು ಮುಗಿಸುತ್ತವೆ. ಗುಂಡಿಯ ಗೋಡೆಗೆ ಕಪ್ಪು ಲೋಳೆ ಕಟ್ಟುತ್ತದೆ. ತೆಳುವಾಗಿದ್ದರೆ ಅದೂ ಒಳ್ಳೆಯದೇ, ರೋಗಾಣುಗಳನ್ನು ತಡೆಯುತ್ತದೆ. ಟ್ಯಾಂಕಿನ ಹೂಳು ಹರಿದು ಬಂದರೆ, ಇಲ್ಲವೇ ಗಾಳಿ ಕಡಿಮೆಯಾದರೆ, ಲೋಳೆ ದಪ್ಪಗಾಗಿ ನೀರು ಇಂಗುವುದೇ ನಿಲ್ಲುತ್ತದೆ.

ಜುಲೈನಲ್ಲಿ ಆಗುವುದು ಇದೇ. ಅಂತರ್ಜಲ ಮೇಲೇರಿ ಮಣ್ಣಿನಲ್ಲಿ ಗಾಳಿ ಇದ್ದ ಜಾಗವನ್ನೆಲ್ಲ ನೀರು ಹಿಡಿಯುತ್ತದೆ. ಗುಂಡಿ ಉಸಿರುಗಟ್ಟುತ್ತದೆ, ಕಮೋಡ್‌ನಲ್ಲಿ ನೀರು ಇಳಿಯುವುದಿಲ್ಲ. ಮುರಕಲ್ಲಿನ ನೆಲದಲ್ಲಿ ಇನ್ನೊಂದು ಅಪಾಯವಿದೆ. ಬಿರುಕು ಸಿಕ್ಕರೆ ಈ ನೀರು ಸೋಸದೆಯೇ ಬಾವಿ ಸೇರುತ್ತದೆ. ಇಂಗುಗುಂಡಿಗೂ ಬಾವಿಗೂ ಕನಿಷ್ಠ 18 ಮೀಟರ್ ಅಂತರ ಇರಬೇಕು. 5 ಸೆಂಟ್ಸ್ ಜಾಗದಲ್ಲಿ ಅದು ಕಷ್ಟ, ಗೊತ್ತು. ಆದರೂ ಪಾಯ ತೆಗೆಯುವ ಮೊದಲೇ ಪಕ್ಕದ ಮನೆಯ ಬಾವಿ ಎಲ್ಲಿದೆ ಎಂದು ನೋಡಿ. ಇನ್ನು, ಗಾಳಿ ಇರುವ ಮಣ್ಣಿನಲ್ಲಿ ಈ ನೀರಿನೊಳಗಿನ ಅಮೋನಿಯಾವು ನೈಟ್ರೇಟ್ ಎಂಬ ಲವಣವಾಗಿ ಬದಲಾಗುತ್ತದೆ, ಮಣ್ಣು ಆ ನೈಟ್ರೇಟನ್ನು ಹಿಡಿದಿಡುವುದಿಲ್ಲ. ಬಾವಿ ನೀರು ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ.

ಮಾಡಿನ ನೀರನ್ನು ಟ್ಯಾಂಕಿಗಾಗಲಿ ಗುಂಡಿಗಾಗಲಿ ಬಿಡಬೇಡಿ. ವಾರದ ಬಟ್ಟೆಯನ್ನೆಲ್ಲ ಒಂದೇ ದಿನ ಒಗೆದರೆ ನೀರು ಒಮ್ಮೆಲೇ ನುಗ್ಗಿ ಹೂಳನ್ನು ಕದಡುತ್ತದೆ. ಟ್ಯಾಂಕಿನ ಹೊರಪೈಪಿಗೆ ‘ಟೀ’ (T ಆಕಾರದ ಪೈಪ್ ತುಂಡು) ಹಾಕಿದ್ದಾರಾ ಎಂದು ಮೇಸ್ತ್ರಿಯನ್ನು ಕೇಳಿ. ಜಿಡ್ಡು ಗುಂಡಿಗೆ ಹೋಗದಂತೆ ತಡೆಯುವುದು ಆ ತುಂಡೇ.

ಹೂಳು, ಜಿಡ್ಡು ಎರಡೂ ಸೇರಿ ಟ್ಯಾಂಕಿನ ಮೂರನೇ ಒಂದು ಭಾಗ ಆದಾಗ ಸಕ್ಕಿಂಗ್ ಗಾಡಿ ಕರೆಸಿ. ತಳದಲ್ಲಿ ಸ್ವಲ್ಪ ಹೂಳು ಉಳಿದರೆ ಚಿಂತೆ ಬೇಡ, ಬ್ಯಾಕ್ಟೀರಿಯಾ ಅಲ್ಲಿಂದಲೇ ಮತ್ತೆ ಬೆಳೆಯುತ್ತವೆ. ಆ ಚೂರು ತೆಗೆಯಲೆಂದು ಯಾರನ್ನೂ ಒಳಗೆ ಇಳಿಸಬೇಡಿ. ಹೈಡ್ರೋಜನ್ ಸಲ್ಫೈಡ್ ಜಾಸ್ತಿಯಿದ್ದರೆ ಮೂಗಿಗೆ ವಾಸನೆಯೇ ತಿಳಿಯದೆ ಹೋಗುತ್ತದೆ. ಕೆಲವೇ ಉಸಿರಿಗೆ ಪ್ರಜ್ಞೆ ತಪ್ಪುತ್ತದೆ. ರಕ್ಷಣಾ ಸಾಧನವಿಲ್ಲದೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಪ್ರಕಾರ ಅಪರಾಧ.