ವೆಬ್‌ಸೈಟ್ ಪರೀಕ್ಷೆಗೆ ಐದು ಜನ ಸಾಕಾ?

ಪ್ರಶ್ನೆ: ಮಲ್ಪೆಯಲ್ಲಿ ನಮ್ಮದೊಂದು ಸಣ್ಣ ಹೋಂಸ್ಟೇ ಉಂಟು. ಬುಕಿಂಗ್‌ಗೆ ವೆಬ್‌ಸೈಟ್ ಮಾಡಿಸಿದ್ದೇವೆ. ಜನರ ಕೈಗೆ ಕೊಟ್ಟು ಪರೀಕ್ಷೆ ಮಾಡಿ ಅಂತಾರೆ. ಎಷ್ಟು ಜನ ಬೇಕು?

ಐದು ಜನ ಸಾಕು, ಧೈರ್ಯವಾಗಿ ಶುರು ಮಾಡಿ. ಈ ಲೆಕ್ಕ ಜೇಕಬ್ ನೀಲ್ಸನ್ ಅವರದ್ದು, ವೆಬ್‌ಸೈಟ್, ಸಾಫ್ಟ್‌ವೇರ್ ಜನರಿಗೆ ಬಳಸಲು ಸುಲಭವೇ ಅಂತ ಅಧ್ಯಯನ ಮಾಡುವ ತಜ್ಞರು. ಅವರು ಟಾಮ್ ಲ್ಯಾಂಡವರ್ ಎಂಬ ಸಂಶೋಧಕರ ಜೊತೆ ಸೇರಿ 1993ರಲ್ಲಿ ಹಲವು ಪರೀಕ್ಷೆಗಳ ಫಲಿತಾಂಶ ಒಟ್ಟಿಗೆ ಇಟ್ಟು ನೋಡಿದರು. ಒಬ್ಬ ಬಳಕೆದಾರನಿಂದ ಸರಾಸರಿ ಶೇ 31ರಷ್ಟು ತೊಂದರೆಗಳು ಹೊರಬೀಳುತ್ತವೆ. ಎರಡನೆಯವರು ಬಂದಾಗ ಹಳೆಯವೇ ಕೆಲವು ಮತ್ತೆ ಕಾಣುತ್ತವೆ, ಹೊಸವು ಸ್ವಲ್ಪ ಸೇರುತ್ತವೆ. ಹೀಗೆ ಐದನೆಯವರ ಹೊತ್ತಿಗೆ ಶೇ 85ರ ಹತ್ತಿರ ಬಂದಿರುತ್ತೀರಿ. ಇದು ಸರಾಸರಿ, ದೊಡ್ಡ ಗೋಜಲಿನ ಸೈಟಿಗೆ ಇಷ್ಟು ಸಿಗದೆ ಇರಬಹುದು. ನಿಮ್ಮಂಥ ನಾಲ್ಕೈದು ಪುಟದ ಸೈಟಿಗೆ ಧಾರಾಳ.

ಆದರೆ ಆ ಐದು ಜನ ಯಾರು? ಮನೆಯವರು, ನೆಂಟರು ಬೇಡವೇ ಬೇಡ. ಅವರು ಪ್ರೀತಿಯಿಂದ "ಲಾಯ್ಕ ಉಂಟು ಮಾರಾಯ್ರೆ" ಅಂತಾರೆ, ಅಲ್ಲಿಗೆ ಮುಗಿಯಿತು. ನಿಮ್ಮಲ್ಲಿ ಉಳಿಯಲು ಬರುವವರಂಥ ಜನ ಬೇಕು, ಅಂದರೆ ಬೀಚ್ ನೋಡಲು ಬೆಂಗಳೂರು, ಹುಬ್ಬಳ್ಳಿಯಿಂದ ಬರುವ ಕುಟುಂಬದವರು, ಮಣಿಪಾಲದಲ್ಲಿ ಓದುವ ಮಕ್ಕಳನ್ನು ನೋಡಲು ಬರುವ ಅಪ್ಪ ಅಮ್ಮ. ಈ ಎರಡು ಗುಂಪಿನ ಅಗತ್ಯ ಪೂರ್ತಿ ಬೇರೆ ಅನಿಸಿದರೆ ಒಂದೊಂದರಿಂದ ಮೂರ್ನಾಲ್ಕು ಜನರನ್ನು ಕೂರಿಸಿ.

ಕೂರಿಸಿದ ಮೇಲೆ "ಸೈಟ್ ಹೇಗುಂಟು?" ಅಂತ ಕೇಳಬೇಡಿ. ಒಂದು ಕೆಲಸ ಕೊಡಿ: "ಮುಂದಿನ ಶನಿವಾರ ನೀವು ನಾಲ್ಕು ಜನ ಬರ್ತೀರಿ, ಅದರಲ್ಲಿ ಎರಡು ಮಕ್ಕಳು, ರೂಮ್ ಬುಕ್ ಮಾಡಿ." ಫೋನ್ ಅವರದ್ದೇ ಇರಲಿ, ನಿಮ್ಮ ಮನೆಯ ವೈಫೈ ಬೇಡ, ಅವರ ಮೊಬೈಲ್ ಡೇಟಾದಲ್ಲೇ ನಡೆಯಲಿ. ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳುತ್ತಾ ಮಾಡಲಿ. ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ, ಬಾಯಿಗೆ ಸಲೀಸಾಗಿ ಬರುವ ಮಾತಿನಲ್ಲೇ ಹೇಳಲಿ. ಇಂಗ್ಲಿಷಿನಲ್ಲಿ ಹೇಳಿ ಅಂದರೆ ಅವರ ಗಮನವೆಲ್ಲ ಮಾತು ಜೋಡಿಸುವುದಕ್ಕೇ ಹೋಗುತ್ತದೆ.

ಆಮೇಲೆ ಸುಮ್ನೆ ಇರಿ. ಇದೇ ಕಷ್ಟದ ಭಾಗ. ಅವರು ತಡಕಾಡುವಾಗ ನಿಮ್ಮ ಬೆರಳು ತಾನಾಗಿ ಬಟನ್ ಕಡೆ ಹೋಗುತ್ತದೆ, ಆದರೆ ಅವರು ಎಲ್ಲಿ ನಿಂತರು, ಯಾವುದನ್ನು ಎರಡೆರಡು ಸಲ ಒತ್ತಿದರು, ಯಾವಾಗ ಹಿಂದೆ ಹೋದರು ಅನ್ನೋದೇ ನಿಮಗೆ ಬೇಕಾದ ಮಾಹಿತಿ. "ಎಲ್ಲಾ ಸುಲಭ ಇತ್ತು" ಅಂತ ಕೊನೆಗೆ ಹೇಳಿದವರೇ ತಾರೀಕು ಆರಿಸುವಲ್ಲಿ ಸಿಕ್ಕಿಹಾಕಿಕೊಂಡಿದ್ದರೆ, ಬರೆದುಕೊಳ್ಳಬೇಕಾದದ್ದು ತಾರೀಕಿನ ವಿಷಯ. ನೀವು ಪ್ರೀತಿಯಿಂದ ಬರೆಸಿದ ಸ್ವಾಗತದ ಮಾತನ್ನು ಯಾರೂ ಓದದೆ ಸೀದಾ ಫೋಟೊ, ರೇಟು, ಫೋನ್ ನಂಬರ್ ಹುಡುಕಬಹುದು, ಹಾಗಾದರೆ ಅವನ್ನೇ ಮೇಲೆ ತನ್ನಿ. ಫಾರಂ ತುಂಬಿಸುವುದು ಬಿಟ್ಟು ಕರೆ ಮಾಡಲು ಹೊರಟರೆ, ಒಮ್ಮೆ ಒತ್ತಿದರೆ ಕರೆ ಹೋಗುವ ಹಾಗೆ ನಂಬರ್ ಹಾಕಿಸಿ. ಅದೂ ಬುಕಿಂಗೇ ಅಲ್ವಾ?

ಇನ್ನೊಂದು ವಿಷಯ. ಐದು ಜನರಲ್ಲಿ ಮೂವರು ಎಡವಿದರು ಅಂದ ಮಾತ್ರಕ್ಕೆ ಶೇ 60 ಜನ ಎಡವುತ್ತಾರೆ ಅಂತ ಲೆಕ್ಕ ಹಾಕಬೇಡಿ, ಅಂಥ ಅಳತೆಗೆ ತುಂಬಾ ಜಾಸ್ತಿ ಜನ ಬೇಕು. ಹದಿನೈದು ಜನ ಸಿಕ್ಕಿದರೂ ಒಂದೇ ಸಲ ಕೂರಿಸಬೇಡಿ. ಐದು ಜನ, ರಿಪೇರಿ, ಮತ್ತೆ ಹೊಸ ಐದು ಜನ. ರಿಪೇರಿ ಮಾಡುವಾಗ ಹುಟ್ಟಿದ ಹೊಸ ತೊಂದರೆಗಳು ಸಿಗುವುದು ಆ ಎರಡನೇ ಸುತ್ತಿನಲ್ಲೇ.