ಕಾರಿನ ‘ಕುಂಯ್’ ಮತ್ತು ತುಕ್ಕು ಹಿಡಿದ ಬೋಲ್ಟು

ಮಳೆಗಾಲ ಮುಗಿದ ಮೇಲೆ ನನ್ನ ಅಂಗಡಿಗೆ ಒಂದೇ ದೂರಿನ ಕಾರುಗಳು ಸಾಲಾಗಿ ಬರುತ್ತವೆ. “ಎಕ್ಸಿಲರೇಟರ್ ಒತ್ತಿದ ಹಾಗೆ ಸ್ಪೀಕರಿನಲ್ಲಿ ಕುಂಯ್ ಅಂತದೆ ಮಾರಾಯ್ರೇ.” ಕೈಯಲ್ಲಿ ಆನ್‌ಲೈನ್‌ನಲ್ಲಿ ತರಿಸಿದ ನಾಯ್ಸ್ ಫಿಲ್ಟರ್ ಡಬ್ಬಿ ಇರುತ್ತದೆ. ಕೆಲವರು ಅಷ್ಟರಲ್ಲಿ ಕಾರಿನ ಸ್ಟೀರಿಯೋ ಸೆಟ್ಟನ್ನೂ ಬದಲಿಸಿ ಆಗಿರುತ್ತದೆ. ಹೊಸ ಸೆಟ್ಟಿನಲ್ಲೂ ಅದೇ ಕುಂಯ್.

ಹೋದ ತಿಂಗಳು ಶಿರಸಿ ಕಡೆಯ ಹಿರಿಯರೊಬ್ಬರು ಬಂದಿದ್ದರು. ಅಡಿಕೆ ತೋಟದವರು, ತಾಳಮದ್ದಳೆ ಅಂದರೆ ಪ್ರಾಣ. ಕಾರು ಮಾತ್ರ ವರ್ಷವಿಡೀ ಇಲ್ಲೇ ಕಾರವಾರದ ಕೋಡಿಬಾಗದಲ್ಲಿ, ಮಗನ ಮನೆಯ ಮುಂದೆ. ಶಿರಸಿಗೆ ಹತ್ತುವ ದೇವಿಮನೆ ಘಾಟಿಯಲ್ಲಿ ಎರಡನೇ ಗೇರಿಗೆ ಹಾಕಿದರೆ ಭಾಗವತರ ದನಿಯ ಜೊತೆಗೆ ಇನ್ನೊಬ್ಬರು ಶ್ರುತಿ ಹಿಡಿದ ಹಾಗೆ ಆಗುತ್ತದಂತೆ. “ಫಿಲ್ಟರ್ ತಂದಿದ್ದೇನೆ, ಹಾಕಿ ಕೊಡಿ ಸಾಕು” ಅಂದರು.

ಹಾಕಿ ಕೊಡುವುದು ಸುಲಭ. ಆದರೆ ಆ ಡಬ್ಬಿಯೊಳಗೆ ಇರುವುದು ಒಂದು ಕಾಯಿಲ್, ಒಂದು ಕೆಪಾಸಿಟರ್. 100 ಮೈಕ್ರೋಹೆನ್ರಿ, 1000 ಮೈಕ್ರೋಫ್ಯಾರಡ್ ಅಂತ ಇಟ್ಟುಕೊಳ್ಳಿ. ಸುಮಾರು 500 ಹರ್ಟ್ಸ್‌ನಿಂದ ಮೇಲಿನ ಗದ್ದಲವನ್ನು ಅದು ತಡೆಯುತ್ತದೆ, ಅದೂ ಪ್ಲಸ್ ವೈರಿನಲ್ಲಿ ಬರುವುದನ್ನು ಮಾತ್ರ. ನಮ್ಮ ಕರಾವಳಿಯ ಕಾರುಗಳಲ್ಲಿ ಶಬ್ದ ಜಾಸ್ತಿ ಬರುವುದು ಇನ್ನೊಂದು ಕಡೆಯಿಂದ, ಅರ್ತಿನಿಂದ.

ಈ ಅರ್ತಿನ ವಿಷಯ ಎಷ್ಟು ಹೇಳಿದರೂ ಜನರಿಗೆ ಹೋಗುವುದಿಲ್ಲ. ಅರ್ತ್ ಅಂದರೆ ಶಬ್ದ ಹೋಗಿ ಬೀಳುವ ಗುಂಡಿ ಅಂತ ಎಲ್ಲರ ತಲೆಯಲ್ಲಿ ಕೂತಿದೆ. ಮನೆಯಲ್ಲಿ ಉಪ್ಪು, ಇದ್ದಿಲು ಹಾಕಿ ನೀರು ಹೊಯ್ಯುವ ಗುಂಡಿ ನೋಡಿದ್ದಾರಲ್ಲ, ಅದರಿಂದ ಬಂದ ಕಲ್ಪನೆ ಇರಬೇಕು. ಕಾರು ನಿಂತಿರುವುದು ರಬ್ಬರ್ ಟಯರಿನ ಮೇಲೆ, ನೆಲಕ್ಕೂ ಅದಕ್ಕೂ ಏನು ಸಂಬಂಧ? ಇಲ್ಲಿ ಅರ್ತ್ ಅಂದರೆ ಬ್ಯಾಟರಿಯಿಂದ ಹೊರಟ ಕರೆಂಟು ಮನೆಗೆ ವಾಪಸ್ ಬರುವ ದಾರಿ. ಹೆಡ್‌ಲೈಟು, ಬ್ಲೋವರ್, ಮೊಬೈಲ್ ಚಾರ್ಜರ್, ಸ್ಪೀಕರಿನ ದನಿ ಜೋರು ಮಾಡುವ ಆಂಪ್ (ಆಂಪ್ಲಿಫೈಯರ್), ಎಲ್ಲದರ ಕರೆಂಟೂ ಅದೇ ಬಾಡಿ ತಗಡಿನಲ್ಲಿ ಹಿಂದೆ ಬರಬೇಕು.

ದಾರಿ ಅಗಲವಾಗಿದ್ದರೆ ಯಾರಿಗೂ ತೊಂದರೆಯಿಲ್ಲ. ಅರ್ತ್ ವೈರನ್ನು ಬಾಡಿಗೆ ಬಿಗಿದ ಬೋಲ್ಟಿನ ಕೆಳಗೆ ಉಪ್ಪುಗಾಳಿಗೆ ತುಕ್ಕು ಹಿಡಿಯಿತು ಅನ್ನಿ. ಅಲ್ಲಿ 0.05 ಓಮ್ ಅಡ್ಡ ನಿಂತರೂ ಸಾಕು, 10 ಆಂಪಿಯರ್ ಹರಿದಾಗ ಅರ್ಧ ವೋಲ್ಟ್ ಅಲ್ಲೇ ನಿಲ್ಲುತ್ತದೆ. ಅಂದರೆ ಸೆಟ್ಟಿನ ಸೊನ್ನೆ ಬೇರೆ, ಡಿಕ್ಕಿಯಲ್ಲಿರುವ ಆಂಪಿನ ಸೊನ್ನೆ ಬೇರೆ. ಆ ಅಂತರವನ್ನು ಆಂಪ್ ಹಾಡು ಅಂತಲೇ ತಿಳಿದು ದೊಡ್ಡದು ಮಾಡುತ್ತದೆ. ಅಂತರ ಅಲುಗದೆ ಇದ್ದರೆ ನಮಗೆ ಕೇಳುವುದಿಲ್ಲ. ಆದರೆ ಎಂಜಿನ್ ತಿರುಗಿಸಿ ಕರೆಂಟು ಕೊಡುವ ಆಲ್ಟರ್ನೇಟರಿನ ಕರೆಂಟು ಯಾವತ್ತೂ ನಡುಗುತ್ತಲೇ ಇರುತ್ತದೆ, ಎಂಜಿನ್ ಜೋರಾದಷ್ಟೂ ನಡುಕ ಚುರುಕು. ಅರ್ಧ ವೋಲ್ಟಿನ ನೂರರಲ್ಲಿ ಒಂದು ಪಾಲು ನಡುಗಿದರೂ 5 ಮಿಲಿವೋಲ್ಟ್. ಹಾಡು ನಿಂತ ಗಳಿಗೆಯಲ್ಲಿ ಅಷ್ಟು ಚೆನ್ನಾಗಿಯೇ ಕೇಳುತ್ತದೆ.

ಓದಿದ ಹುಡುಗರು ಒಂದು ಪ್ರಶ್ನೆ ಕೇಳುತ್ತಾರೆ. “ಚಾರ್ಜರ್ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಸ್ವಿಚ್ ಆಗ್ತದೆ, ಕಿವಿಗೆ ಕೇಳೋದು 20 ಸಾವಿರ ಹರ್ಟ್ಸ್‌ವರೆಗೆ. ಮತ್ತೆ ಚಾರ್ಜರ್ ಹಾಕಿದಾಗ ಶಬ್ದ ಕೇಳೋದು ಹೇಗೆ?” ಒಳ್ಳೆ ಪ್ರಶ್ನೆ. ಸ್ವಿಚಿಂಗ್ ಕೇಳುವುದಿಲ್ಲ, ನಿಜ. ಆದರೆ ಡಿಜಿಟಲ್ ಚಿಪ್ ಕರೆಂಟನ್ನು ಒಂದೇ ಸಮ ಕುಡಿಯುವುದಿಲ್ಲ, ಗುಟುಕು ಗುಟುಕಾಗಿ ಎಳೆಯುತ್ತದೆ. ಬ್ಲೂಟೂತ್ ಚಿಪ್ಪನ್ನೇ ನೋಡಿ. ಅದರ ಒಂದೊಂದು ಸರದಿ 625 ಮೈಕ್ರೋಸೆಕೆಂಡ್, ಸೆಕೆಂಡಿಗೆ 1600 ಸರದಿ. ಆ ಗುಟುಕಿನ ತಾಳ ಕಿವಿಗೆ ಕೇಳುವ ಜಾಗದಲ್ಲೇ ಬೀಳುತ್ತದೆ. ಸೆಟ್ಟಿನ ಆಕ್ಸ್ ತೂತಿಗೆ ಸಿಕ್ಕಿಸುವ ಬ್ಲೂಟೂತ್ ರಿಸೀವರನ್ನು ಅದೇ ಕಾರಿನ ಚಾರ್ಜರಿಗೆ ಹಾಕಿದರೆ ಜಿರ್ ಅನ್ನುವುದು ಇದಕ್ಕೇ. ಅದನ್ನು ಪವರ್ ಬ್ಯಾಂಕಿಗೆ ಹಾಕಿ ನೋಡಿ. ಶಬ್ದ ನಿಂತರೆ ಅರ್ತ್ ಹಂಚಿಕೊಂಡದ್ದೇ ತಪ್ಪು. ಆಗ ಐಸೊಲೇಟೆಡ್ ಡಿಸಿ ಕನ್ವರ್ಟರ್ ಹಾಕುತ್ತೇನೆ, ಅದರಲ್ಲಿ ಆಚೆಗೂ ಈಚೆಗೂ ವೈರಿನ ಸಂಬಂಧ ಇರುವುದಿಲ್ಲ.

ರೇಡಿಯೋದ ಕತೆ ಬೇರೆ. ಅಲ್ಲಿ ಸ್ವಿಚಿಂಗೇ ನೇರವಾಗಿ ಕಾಡುತ್ತದೆ, ಅದರ ಗದ್ದಲ ಮೂರು ಪಟ್ಟು, ಐದು ಪಟ್ಟಿನ ಜಾಗದಲ್ಲೂ ಬೀಳುತ್ತದೆ. ಅಗ್ಗದ ಚಾರ್ಜರ್ 153 ಕಿಲೋಹರ್ಟ್ಸ್‌ನಲ್ಲಿ ಓಡುತ್ತಿದ್ದರೆ ಅದರ ಐದು ಪಟ್ಟು ಎಷ್ಟು? 765. ಧಾರವಾಡ ಆಕಾಶವಾಣಿಯ ಜಾಗ! ಇದಕ್ಕೆ ಅರ್ತ್ ತಿಕ್ಕಿ ಪ್ರಯೋಜನವಿಲ್ಲ, ಚಾರ್ಜರ್ ಕಿತ್ತು ಬಿಸಾಡಬೇಕು.

ಹಿರಿಯರ ಕಾರಿಗೆ ಬರುತ್ತೇನೆ. ಹಾಡು ಜೋರಾಗಿ ಹಾಕಿಸಿ, ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಆಂಪಿನ ಅರ್ತ್ ಲಗ್ಗಿಗೆ (ವೈರಿನ ತುದಿಯ ಲೋಹದ ಬಳೆ) ಹಿಡಿದೆ. ನನ್ನ ಲೆಕ್ಕದಲ್ಲಿ 50 ಮಿಲಿವೋಲ್ಟ್ ದಾಟಬಾರದು. 400 ತೋರಿಸಿತು. ಬೋಲ್ಟ್ ಬಿಚ್ಚಿದರೆ ಕೆಳಗೆ ಪೇಂಟ್ ಹಾಗೇ ಇತ್ತು, ಕೆರೆದೇ ಇರಲಿಲ್ಲ. ಅಂಚಿನಲ್ಲಿ ಕೆಂಪು ತುಕ್ಕು, ಲಗ್ಗಿನ ಮೇಲೆ ಹಸಿರು ಕಿಲುಬು. ಹಾಕಿದವರು ಯಾರೋ, ಇರಲಿ. ಸ್ಯಾಂಡ್ ಪೇಪರಿನಲ್ಲಿ ತಗಡು ಹೊಳೆಯುವ ತನಕ ತಿಕ್ಕಿ, ಹೊಸ ಲಗ್ ಹಾಕಿ, ಬಿಗಿದು, ಮೇಲೆ ಗ್ರೀಸ್ ಹಚ್ಚಿದೆ. ಮೀಟರಿನಲ್ಲಿ 20. ಕುಂಯ್ ಇಲ್ಲ.

ಇದನ್ನು ಓದಿ ನೀವೇ ಸ್ಪಾನರ್ ಹಿಡಿಯಬೇಡಿ ಅಂತ ಹೇಳುವುದಿಲ್ಲ. ಆದರೆ ಸೀಟ್ ಬೆಲ್ಟಿನ ಬೋಲ್ಟು, ಏರ್‌ಬ್ಯಾಗಿನ ಹಳದಿ ಕನೆಕ್ಟರ್ ಹತ್ತಿರ ಕೈ ಹಾಕಬೇಡಿ. ವಾರಂಟಿ ಇರುವ ಗಾಡಿಯಾದರೆ ಮೊದಲು ಕೇಳಿ. ತಿಕ್ಕಿದ ಮೇಲೂ ಶಬ್ದ ಉಳಿದರೆ ಸೆಟ್ಟಿನಿಂದ ಆಂಪಿಗೆ ಹಾಡು ಒಯ್ಯುವ ಆರ್‌ಸಿಎ ವೈರ್ ಪವರ್ ವೈರಿನ ಜೊತೆ ಮಲಗಿದೆಯಾ ನೋಡಿ. ಆಲ್ಟರ್ನೇಟರಿನ ಡಯೋಡೇ ಹೋಗಿರಲೂಬಹುದು, ನೋಡದೆ ಹೇಳಲಾರೆ.

150 ರೂಪಾಯಿ ಅಂದಾಗ ಹಿರಿಯರ ಮುಖ ಸಣ್ಣಗಾಯಿತು. ದುಡ್ಡಿಗಲ್ಲ. “ಬರೀ ಬೋಲ್ಟ್ ತಿಕ್ಕಿದ್ದಾ? ಮತ್ತೆ ಈ ಫಿಲ್ಟರ್?” ವಾಪಸ್ ಕಳಿಸಿ ಅಂದೆ. ಮೊನ್ನೆ ಘಾಟಿ ಹತ್ತಿ ಹೋದವರು ಫೋನ್ ಮಾಡಿದ್ದರು. ಭಾಗವತರು ಈಗ ಒಬ್ಬರೇ ಹಾಡುತ್ತಿದ್ದಾರಂತೆ. ಆದರೆ ಚಂಡೆ ಬಾರಿಸಿದಾಗ ಎಡಗಡೆ ಬಾಗಿಲು ಗಡಗಡ ಅಂತದಂತೆ. ಅದು ಬಾಗಿಲಿನ ಕ್ಲಿಪ್ಪು, ಮುಂದಿನ ಸಲ ಇಳಿದು ಬಂದಾಗ ಗಾಡಿ ತನ್ನಿ ಅಂದಿದ್ದೇನೆ.